ಡ್ರಮ್ಮಿನ ಸದ್ದನ್ನು ಬರೆಯುವುದು ಹೇಗೆ?

ದಸರೆಯ ದಿನಗಳಲ್ಲಿ ಮೈಸೂರು ಅರಮನೆಯ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ಕೇಳಿದವರು ಬಹಳ ಮಂದಿ. ಇಂಥ ಬ್ಯಾಂಡಿನಲ್ಲಿ ಕ್ಲಾರಿನೆಟ್, ಟ್ರಂಪೆಟ್ ಹಿಡಿದವರ ಮುಂದೆ ಸ್ಟ್ಯಾಂಡಿನ ಮೇಲೆ ಹಾಳೆಗಳಿರುತ್ತವೆ. ಕಣ್ಣು ಹಾಳೆಯ ಮೇಲೆ, ಆಗಾಗ ಬ್ಯಾಂಡ್ ಮಾಸ್ಟರರ ಕೈಯ ಮೇಲೆ. ಇದರಲ್ಲಿ ಸೋಜಿಗವೇನೂ ಇಲ್ಲ. ಯಾವ ಸ್ವರವನ್ನು ಎಷ್ಟು ಹೊತ್ತು ನುಡಿಸಬೇಕೆಂಬುದು ಅದರಲ್ಲಿ ಬರೆದಿರುತ್ತದೆ. ಆದರೆ ಹಿಂದಿನ ಸಾಲಿನಲ್ಲಿ ದೊಡ್ಡ ಡ್ರಮ್ ಬಾರಿಸುವವರ ಎದುರಿಗೂ ಒಂದು ಹಾಳೆ ಇರುತ್ತದೆ! ಡ್ರಮ್ಮಿನಲ್ಲಿ ಸ ರಿ ಗ ಮ ಇಲ್ಲ. ಹಾಗಿದ್ದರೆ ಆ ಹಾಳೆಯಲ್ಲಿ ಬರೆದಿರುವುದಾದರೂ ಏನು?

ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಬೆನ್ನು ಹತ್ತಿ ಹೊರಟರೆ ಭೌತಶಾಸ್ತ್ರ, ಇತಿಹಾಸ, ವ್ಯಾಕರಣ ಮೂರೂ ದಾರಿಯಲ್ಲಿ ಸಿಗುತ್ತವೆ.

ಮೊದಲು ಪಾಶ್ಚಾತ್ಯ ಸ್ವರಲಿಪಿಯ ಕ್ರಮವನ್ನು ತಿಳಿಯಬೇಕು. ಅದೊಂದು ಗ್ರಾಫ್ ಎಂದುಕೊಂಡರೆ ಅರ್ಥ ಮಾಡಿಕೊಳ್ಳುವುದು ಸುಲಭ. ಸ್ಟಾಫ್ ಎಂದು ಕರೆಯುವ ಐದು ಅಡ್ಡಗೆರೆಗಳಿರುತ್ತವೆ. ಎಡದಿಂದ ಬಲಕ್ಕೆ ಸಾಗುವುದು ಕಾಲ. ಕೆಳಗಿನಿಂದ ಮೇಲಕ್ಕೆ ಏರುವುದು ಶ್ರುತಿ, ಎಂದರೆ ಸ್ವರದ ಎತ್ತರ. ಗೆರೆಯ ಮೇಲೋ ಎರಡು ಗೆರೆಗಳ ನಡುವಿನ ಜಾಗದಲ್ಲೋ ಒಂದು ಗುಂಡು ಚುಕ್ಕೆ ಇಟ್ಟರೆ ಅದು ಯಾವ ಸ್ವರವೆಂದು ಗೊತ್ತಾಗುತ್ತದೆ. ಚುಕ್ಕೆ ತುಂಬಿದೆಯೋ ಪೊಳ್ಳಾಗಿದೆಯೋ, ಅದರ ಕಡ್ಡಿಗೆ ಬಾಲವಿದೆಯೋ ಇಲ್ಲವೋ ಎಂಬುದರಿಂದ ಅದರ ಕಾಲಾವಧಿ ತಿಳಿಯುತ್ತದೆ. ಗ್ರಾಫಿಗೆ ಮೂಲಬಿಂದು ಬೇಕಲ್ಲವೆ? ಆ ಕೆಲಸಕ್ಕೆ ಸಾಲಿನ ಆರಂಭದಲ್ಲಿ ಕ್ಲೆಫ್ ಎಂಬ ಚಿಹ್ನೆ ಇರುತ್ತದೆ. ‘ಈ ಗೆರೆ ಇಂಥ ಸ್ವರ, ಉಳಿದವನ್ನು ಇಲ್ಲಿಂದ ಎಣಿಸಿಕೊಳ್ಳಿ’ ಎಂದು ಅದು ಹೇಳುತ್ತದೆ.

ಈ ಏರ್ಪಾಡು ಪಿಟೀಲಿಗೆ, ಕೊಳಲಿಗೆ, ಕಂಠಕ್ಕೆ ಹೇಳಿ ಮಾಡಿಸಿದಂತಿದೆ. ಡ್ರಮ್ಮನ್ನು ತಂದು ಇಲ್ಲಿ ಕೂರಿಸಲು ಹೋದರೆ ಮಾತ್ರ ತೊಡಕು. ಅದರ ಲಂಬ ಅಕ್ಷಕ್ಕೆ ಬೆಲೆಯೇ ಇಲ್ಲ.

ಡ್ರಮ್ಮಿಗೆ ಸ್ವರವೇಕಿಲ್ಲ?

ಬಿಗಿದ ತಂತಿಯನ್ನು ಮೀಟಿದಾಗ ಅದು ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಇಡೀ ತಂತಿ ಒಂದಾಗಿ ಕಂಪಿಸುತ್ತದೆ; ಅದರ ಜೊತೆಗೇ ಎರಡು ಭಾಗಗಳಾಗಿ, ಮೂರು ಭಾಗಗಳಾಗಿ, ನಾಲ್ಕು ಭಾಗಗಳಾಗಿಯೂ ಕಂಪಿಸುತ್ತದೆ. ಈ ಕಂಪನಗಳ ಆವೃತ್ತಿಗಳು 1, 2, 3, 4 ಎಂಬ ಪೂರ್ಣಾಂಕಗಳ ಅನುಪಾತದಲ್ಲಿರುತ್ತವೆ. ಮೂಲಸ್ವರ 200 ಹರ್ಟ್ಸ್ ಇದ್ದರೆ ಉಪಸ್ವರಗಳು 400, 600, 800 ಹರ್ಟ್ಸ್. ಇವು ಒಂದಕ್ಕೊಂದು ಹೊಂದಿಕೊಳ್ಳುವುದರಿಂದ ಕಿವಿ ಎಲ್ಲವನ್ನೂ ಸೇರಿಸಿ ಒಂದೇ ಸ್ವರವೆಂದು ಗುರುತಿಸುತ್ತದೆ.

ವೃತ್ತಾಕಾರದ ಚರ್ಮದ ಹೊದಿಕೆಯ ಕತೆ ಬೇರೆ. ಸಮನಾಗಿ ಬಿಗಿದ ಸಾದಾ ಚರ್ಮದ ಮೊದಲ ಕೆಲವು ಕಂಪನಗಳನ್ನು ಗಣಿತದಿಂದ ಲೆಕ್ಕ ಹಾಕಿದರೆ ಬರುವ ಅನುಪಾತ ಹೀಗಿದೆ: 1, 1.59, 2.14, 2.30, 2.65, 2.92. ಮೊದಲನೆಯದನ್ನು ಬಿಟ್ಟರೆ ಪೂರ್ಣಾಂಕ ಒಂದೂ ಇಲ್ಲ. ಮೂಲ ಆವೃತ್ತಿ 100 ಹರ್ಟ್ಸ್ ಇದ್ದರೆ ಮೇಲಿನವು 159, 214, 230 ಎಂದು ಅಡ್ಡಾದಿಡ್ಡಿಯಾಗಿ ಹೋಗುತ್ತವೆ. ಇವನ್ನೆಲ್ಲ ಒಂದು ಸ್ವರವಾಗಿ ಕಟ್ಟಲು ಕಿವಿಗೆ ಸಾಧ್ಯವಾಗುವುದಿಲ್ಲ. ಕೇಳಿಸುವುದು ‘ಧಡ್’ ಎಂಬ ಸದ್ದು ಅಷ್ಟೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ಹಳ್ಳಿಯ ಮಕ್ಕಳು ನೋಡಿರುತ್ತಾರೆ. ಚರ್ಮ ಬಿಗಿಯಾಗಿ ಸದ್ದು ಏರುತ್ತದೆ, ಕಳೆಗಟ್ಟುತ್ತದೆ. ಆದರೂ ಸ್ವರವಾಗುವುದಿಲ್ಲ. ಎಲ್ಲ ಕಂಪನಗಳೂ ಒಟ್ಟಿಗೇ ಏರುತ್ತವೆಯೇ ಹೊರತು ಅವುಗಳ ನಡುವಿನ ಅನುಪಾತ ಬದಲಾಗುವುದಿಲ್ಲ.

ಎಲ್ಲ ಡ್ರಮ್ಮುಗಳೂ ಹೀಗೆಯೇ ಎನ್ನುವಂತಿಲ್ಲ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಹಂಡೆಯಂತಿರುವ ಟಿಂಪನಿಯನ್ನು ಶ್ರುತಿ ಮಾಡಿಯೇ ಬಾರಿಸುತ್ತಾರೆ. ಅದರ ಮುಖ್ಯ ಕಂಪನಗಳು, ಗಾಳಿಯ ಹೊರೆಯ ಪ್ರಭಾವದಿಂದಾಗಿ, ಸುಮಾರು 2:3:4ರ ಅನುಪಾತಕ್ಕೆ ಹತ್ತಿರ ಬರುತ್ತವೆ. ಹಾಗಾಗಿ ಅದಕ್ಕೆ ಮಾಮೂಲು ಸ್ವರಲಿಪಿಯೇ ಸಾಕು. ತೊಡಕಿರುವುದು ಬೇಸ್ ಡ್ರಮ್, ಸ್ನೇರ್ ಡ್ರಮ್, ಸಿಂಬಲ್, ಟ್ರಯಾಂಗಲ್‌ಗಳಂಥ ಶ್ರುತಿಯಿಲ್ಲದ ವಾದ್ಯಗಳಲ್ಲಿ.

ತುರ್ಕರ ಡೋಲು, ಯುರೋಪಿನ ಗೆರೆ

18ನೇ ಶತಮಾನದಲ್ಲಿ ತುರ್ಕಿಯ ಜಾನಿಸರಿ ಸೈನಿಕರ ವಾದ್ಯಮೇಳ ಯುರೋಪಿನವರನ್ನು ಮರುಳು ಮಾಡಿತು. ದೊಡ್ಡ ಡೋಲು, ಕಂಚಿನ ಸಿಂಬಲ್, ಅವುಗಳ ಜೊತೆಗೆ ಟ್ರಯಾಂಗಲ್ ಸೇರಿದ ‘ತುರ್ಕಿ ಸಂಗೀತ’ ವಿಯೆನ್ನಾದಲ್ಲಿ ಫ್ಯಾಷನ್ ಆಯಿತು. ಮೊಜಾರ್ಟ್ 1782ರ ತನ್ನ ಒಂದು ಸಂಗೀತ ನಾಟಕದಲ್ಲಿ ಇವನ್ನು ಬಳಸಿದ. ಹೈಡನ್ 1794ರಲ್ಲಿ ಲಂಡನ್ನಿನಲ್ಲಿ ನುಡಿಸಿದ 100ನೇ ಸಿಂಫನಿಗೆ ‘ಮಿಲಿಟರಿ’ ಎಂಬ ಅಡ್ಡಹೆಸರು ಬಂದದ್ದೇ ಇವುಗಳ ಅಬ್ಬರದಿಂದ. 1824ರಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲೂ ಈ ಮೂರೂ ಬಂದವು.

ವಾದ್ಯವೇನೋ ಬಂತು. ಬರೆಯುವುದು ಹೇಗೆ? ಹಳೆಯ ಸ್ಕೋರುಗಳಲ್ಲಿ ಕಂಡುಕೊಂಡ ಉಪಾಯ ಸರಳವಾದುದು. ಇವುಗಳಿಗೂ ಐದು ಗೆರೆಗಳನ್ನೇ ಎಳೆದು, ಮಾಮೂಲು ಕ್ಲೆಫ್ ಹಾಕಿ, ಚುಕ್ಕೆಗಳನ್ನೆಲ್ಲ ಸಾಲಾಗಿ ಒಂದೇ ಜಾಗದಲ್ಲಿ, ಸಾಮಾನ್ಯವಾಗಿ ‘ಸಿ’ ಸ್ವರದ ಮನೆಯಲ್ಲಿ, ಇಟ್ಟುಬಿಡುವುದು. ಟ್ರಯಾಂಗಲ್ಲಿನ ಕಿಣಿಕಿಣಿಗೆ ಮೇಲ್ಸ್ಥಾಯಿಯ ಕ್ಲೆಫ್, ದೊಡ್ಡ ಡೋಲಿಗೆ ಕೆಳಸ್ಥಾಯಿಯ ಕ್ಲೆಫ್. ಓದಿದರೆ ‘ಸಿ’ ಸ್ವರ, ಕೇಳಿದರೆ ‘ಧಡ್’! ಬರೆದವರಿಗೂ ಬಾರಿಸಿದವರಿಗೂ ಅದು ‘ಸಿ’ ಅಲ್ಲವೆಂದು ಗೊತ್ತಿತ್ತು. ಫಾರ್ಮಿನಲ್ಲಿ ಅನ್ವಯಿಸದ ಕಲಂ ಎದುರು ಏನಾದರೊಂದು ತುಂಬುವಂತೆ ಈ ‘ಸಿ’ ಎನ್ನಬಹುದು.

ಕಾಲಕ್ರಮದಲ್ಲಿ ಈ ಸುಳ್ಳು ಸ್ವರ ಬೇಡವೆನಿಸಿತು. ಒಂದೇ ವಾದ್ಯವಿದ್ದರೆ ಐದು ಗೆರೆ ಏಕೆ, ಒಂದೇ ಗೆರೆ ಸಾಕು ಎಂಬ ಪದ್ಧತಿ ಬಂತು. ಕ್ಲೆಫಿನ ಜಾಗದಲ್ಲಿ ಎರಡು ದಪ್ಪ ಗಿಡ್ಡ ನಿಲುಗೆರೆಗಳನ್ನು ಹಾಕತೊಡಗಿದರು. ಇದನ್ನು ಪರ್ಕಷನ್ ಕ್ಲೆಫ್ ಎನ್ನುತ್ತಾರೆ. ಬೇರೆ ಕ್ಲೆಫ್‌ಗಳು ‘ಈ ಗೆರೆ ಇಂಥ ಸ್ವರ’ ಎಂದು ಹೇಳಿದರೆ ಇದು ‘ಇಲ್ಲಿ ಯಾವ ಗೆರೆಯೂ ಯಾವ ಸ್ವರವೂ ಅಲ್ಲ’ ಎಂದು ಹೇಳುತ್ತದೆ.

ತಾಳವಾದ್ಯಗಳಿಗೆ ಪಕ್ಕವಾದ್ಯದ ಪೀಠದಿಂದ ಬಡ್ತಿ ಸಿಕ್ಕಿದ್ದು 20ನೇ ಶತಮಾನದಲ್ಲಿ. ಎಡ್ಗಾರ್ ವರೇಸ್ ಎಂಬ ಫ್ರೆಂಚ್ ಮೂಲದ ಸಂಗೀತಕಾರ ‘ಅಯೊನೈಜೇಷನ್’ ಎಂಬ ಕೃತಿಯನ್ನು 13 ಮಂದಿ ತಾಳವಾದ್ಯದವರಿಗಾಗಿಯೇ ಬರೆದ. (ಅಯಾನೀಕರಣ! ವಿಜ್ಞಾನದ ಹೆಸರನ್ನು ಕೃತಿಗಿಟ್ಟ ಪುಣ್ಯಾತ್ಮ.) 1933ರ ಮಾರ್ಚ್ 6ರಂದು ನ್ಯೂಯಾರ್ಕಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಕೃತಿಯ ಬಹುಪಾಲು ಶ್ರುತಿಯಿಲ್ಲದ ಸದ್ದುಗಳಲ್ಲೇ ಸಾಗುತ್ತದೆ. ಕೊನೆಯಲ್ಲಷ್ಟೇ ಪಿಯಾನೊ, ಗಂಟೆಗಳು ಬಂದು ಸೇರುತ್ತವೆ. ಇಂಥದ್ದನ್ನು ಯಾರೂ ಬಾಯಿಮಾತಿನಲ್ಲಿ ಹೇಳಿಕೊಟ್ಟು ನುಡಿಸುವಂತಿಲ್ಲ. ಲಿಪಿ ಇದ್ದರೆ ಮಾತ್ರ ಆದೀತು.

ಎತ್ತರ ಹೋಗಿ ಹೆಸರು ಬಂತು

ಇವತ್ತು ನಗರಗಳಲ್ಲಿ ಅನೇಕ ಮಕ್ಕಳು ಡ್ರಮ್ ಸೆಟ್ ಕಲಿಯುತ್ತಿದ್ದಾರೆ. ಟ್ರಿನಿಟಿಯಂಥ ವಿದೇಶಿ ಸಂಸ್ಥೆಗಳ ಗ್ರೇಡ್ ಪರೀಕ್ಷೆಗೆ ಕೂರುವವರೂ ಇದ್ದಾರೆ. ಮಗಳು ಮನೆಗೆ ತಂದ ಪುಸ್ತಕವನ್ನು ತೆರೆದು ನೋಡಿದ ತಂದೆ-ತಾಯಿಗೆ ಅದರಲ್ಲಿ ಐದು ಗೆರೆಗಳೂ ಮೇಲೆ ಕೆಳಗೆ ಹಾರಾಡುವ ಚುಕ್ಕೆಗಳೂ ಕಾಣುತ್ತವೆ. ಡ್ರಮ್ಮಿಗೆ ಸ್ವರವಿಲ್ಲವೆಂದ ಮೇಲೆ ಈ ಏರಿಳಿತವೇಕೆ?

ಡ್ರಮ್ ಸೆಟ್ ಬಾರಿಸುವವರು ಒಬ್ಬರೇ, ವಾದ್ಯಗಳು ಹಲವು. ಬಲಗಾಲಿನಲ್ಲಿ ಬೇಸ್ ಡ್ರಮ್ಮಿನ ಪೆಡಲು, ಎಡಗಾಲಿನಲ್ಲಿ ಹೈ-ಹ್ಯಾಟ್ ಎಂಬ ಜೋಡಿ ತಾಳದ ಪೆಡಲು, ಕೈಗಳಲ್ಲಿ ಸ್ನೇರ್, ಟಾಮ್, ಸಿಂಬಲ್‌ಗಳು. ಪ್ರತಿಯೊಂದಕ್ಕೂ ಒಂದೊಂದು ಗೆರೆ ಎಳೆಯುವ ಬದಲು ಇದ್ದ ಐದು ಗೆರೆಗಳನ್ನೇ ಮನೆಗಳನ್ನಾಗಿ ಹಂಚಿಬಿಟ್ಟರು. ಬೇಸ್ ಡ್ರಮ್ಮಿಗೆ ಅತ್ಯಂತ ಕೆಳಗಿನ ಜಾಗ, ಸ್ನೇರಿಗೆ ಕೆಳಗಿನಿಂದ ಮೂರನೆಯ ಜಾಗ, ಹೈ-ಹ್ಯಾಟಿಗೆ ಗೆರೆಗಳೆಲ್ಲದರ ಮೇಲೆ. ಲಂಬ ಅಕ್ಷದಲ್ಲಿದ್ದ ‘ಎತ್ತರ’ ಹೋಗಿ ‘ಹೆಸರು’ ಬಂತು. ‘ಎಷ್ಟು’ ಎಂದು ಹೇಳುತ್ತಿದ್ದ ಅಕ್ಷ ಈಗ ‘ಯಾವುದು’ ಎಂದು ಹೇಳುತ್ತದೆ.

ಚುಕ್ಕೆಯ ಆಕಾರವನ್ನೂ ಬಿಡಲಿಲ್ಲ. ಚರ್ಮದ ವಾದ್ಯಗಳಿಗೆ ಗುಂಡು ಚುಕ್ಕೆ, ಲೋಹದ ಸಿಂಬಲ್‌ಗಳಿಗೆ × ಗುರುತು. ಹೈ-ಹ್ಯಾಟನ್ನು ತೆರೆದು ಬಾರಿಸಬೇಕಾದರೆ × ಮೇಲೊಂದು ಸಣ್ಣ ಸೊನ್ನೆ, ಮುಚ್ಚಿ ಬಾರಿಸಲು + ಗುರುತು. ಸುಮ್ಮನೆ ತಾಗಿಸಿದಂತೆ ಮೆಲ್ಲಗೆ ಹೊಡೆಯಬೇಕಾದರೆ ಚುಕ್ಕೆಯ ಸುತ್ತ ಕಂಸ. ಕೋಲುಗಳನ್ನು ಬಿಡದೆ ಉರುಳಿಸುವಂತೆ ಬಾರಿಸಲು ಕಡ್ಡಿಯ ಮೇಲೆ ಮೂರು ಓರೆಗೀಟು. ಗೆರೆ, ಬಾಲಗಳನ್ನೆಲ್ಲ ತೆಗೆದುಹಾಕಿ ತೀರ ಸರಳವಾದ ಒಂದು ನಡೆಯನ್ನು ಕೋಷ್ಟಕದಂತೆ ಬರೆದರೆ ಹೀಗಿರುತ್ತದೆ:

ಎಣಿಕೆ: 1 – 2 – 3 – 4 –
ಹೈ-ಹ್ಯಾಟ್: × × × × × × × ×
ಸ್ನೇರ್: – – ● – – – ● –
ಬೇಸ್: ● – – – ● – – –

ಮೇಜಿನ ಮುಂದೆ ಕುಳಿತು ಇದನ್ನೊಮ್ಮೆ ಪ್ರಯತ್ನಿಸಬಹುದು. ಬಲಗೈ ಬೆರಳಿನಿಂದ ಎಂಟು ಬಾರಿ ಸಮನಾಗಿ ತಟ್ಟುತ್ತ, 1 ಮತ್ತು 3ಕ್ಕೆ ಬಲಗಾಲು, 2 ಮತ್ತು 4ಕ್ಕೆ ಎಡಗೈ. ಸಾವಿರಾರು ಸಿನಿಮಾ ಹಾಡುಗಳ ಹಿಂದೆ ಇದೇ ನಡೆ ಇದೆ. ಮಗ ಊಟದ ತಟ್ಟೆಯ ಮೇಲೆ ಬಾರಿಸುತ್ತಿದ್ದುದಕ್ಕೂ ಲಿಪಿ ಇದೆಯೆಂದು ಅಮ್ಮನಿಗೆ ಆಗ ಗೊತ್ತಾದೀತು!

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕೊಳಲಿನವರಿಗೆ ‘ಒಂದು ಎಣಿಕೆಯಷ್ಟು ನುಡಿಸು’ ಎನ್ನುವುದಕ್ಕೂ ‘ಅರ್ಧ ಎಣಿಕೆ ನುಡಿಸಿ ಅರ್ಧ ಎಣಿಕೆ ಸುಮ್ಮನಿರು’ ಎನ್ನುವುದಕ್ಕೂ ವ್ಯತ್ಯಾಸವಿದೆ. ಸ್ನೇರ್ ಡ್ರಮ್ಮಿನಲ್ಲಿ ಎರಡೂ ಒಂದೇ. ಕೋಲು ತಾಗಿದ ಕ್ಷಣವೇ ಸದ್ದು ಹುಟ್ಟಿ ಸಾಯುತ್ತದೆ. ಅದನ್ನು ಎಳೆಯಲು ಬರುವುದಿಲ್ಲ. ಹಾಗಾಗಿ ಡ್ರಮ್ ಲಿಪಿಯಲ್ಲಿ ಚುಕ್ಕೆಯ ಕಾಲಾವಧಿ ಸದ್ದಿನ ಉದ್ದವನ್ನು ಹೇಳುತ್ತಿಲ್ಲ; ಮುಂದಿನ ಪೆಟ್ಟು ಎಷ್ಟು ದೂರದಲ್ಲಿದೆ ಎಂಬುದನ್ನು ಹೇಳುತ್ತಿದೆ. ಸಿಂಬಲ್ಲಿನದು ತದ್ವಿರುದ್ಧ. ಒಮ್ಮೆ ಹೊಡೆದರೆ ಅದು ತನ್ನಷ್ಟಕ್ಕೆ ಮೊಳಗುತ್ತಲೇ ಇರುತ್ತದೆ. ಸುಮ್ಮನಾಗಬೇಕಾದರೆ ಕೈಯಿಂದ ಹಿಡಿದು ನಿಲ್ಲಿಸಬೇಕು. ‘ಮೊಳಗಲು ಬಿಡಿ’, ‘ಹಿಡಿದು ನಿಲ್ಲಿಸಿ’ ಎಂದು ಪ್ರತ್ಯೇಕವಾಗಿಯೇ ಬರೆಯಬೇಕಾಗುತ್ತದೆ.

ಹೆಸರು ಕೊಡುವ ಅಕ್ಷದಲ್ಲಿ ಒಂದು ಅಪಾಯವೂ ಇದೆ. ಸ್ವರದ ಎತ್ತರಕ್ಕೆ ಪ್ರಕೃತಿಯ ಆಧಾರವಿದೆ. ಹೆಸರಿಗೆ ಒಪ್ಪಂದ ಮಾತ್ರ ಆಧಾರ. ಒಬ್ಬ ಪ್ರಕಾಶಕರು ಒಂದು ಜಾಗದಲ್ಲಿ ಸ್ನೇರ್ ಬರೆದರೆ ಇನ್ನೊಬ್ಬರು ಅಲ್ಲಿ ಟಾಮ್ ಬರೆಯಬಹುದು. ಒಂದು ಪುಸ್ತಕದಲ್ಲಿ ಕಲಿತ ಹುಡುಗ ಮತ್ತೊಂದು ಪುಸ್ತಕ ತೆರೆದರೆ ತಬ್ಬಿಬ್ಬಾಗುತ್ತಾನೆ. ಈ ಗೊಂದಲ ಎಷ್ಟಿತ್ತೆಂದರೆ ಅಮೆರಿಕದ ನಾರ್ಮನ್ ವೈನ್‌ಬರ್ಗ್ ಎಂಬವರು ಡ್ರಮ್ ಸೆಟ್ಟಿಗೆ ಏಕರೂಪದ ಲಿಪಿಯನ್ನು ಸೂಚಿಸಿ ಪುಸ್ತಕವನ್ನೇ ಬರೆಯಬೇಕಾಯಿತು; ಅದು ಪ್ರಕಟವಾದದ್ದು 1998ರಲ್ಲಿ. ಈಗಲೂ ಒಳ್ಳೆಯ ಪುಸ್ತಕಗಳು ಮೊದಲ ಪುಟದಲ್ಲಿ ‘ಯಾವ ಜಾಗ ಯಾವ ವಾದ್ಯ’ ಎಂಬ ಸೂಚಿಯನ್ನು ಕೊಡುತ್ತವೆ. ಭೂಪಟದ ಮೂಲೆಯಲ್ಲಿ ಚಿಹ್ನೆಗಳ ವಿವರಣೆ ಇರುವಂತೆ. ಮಗುವಿಗೆ ಡ್ರಮ್ ಪುಸ್ತಕ ಕೊಳ್ಳುವ ತಂದೆ-ತಾಯಿ ಮೊದಲು ನೋಡಬೇಕಾದ್ದು ಈ ಪುಟವನ್ನೇ.

ಗೆರೆಯಿಲ್ಲದ ಮೃದಂಗ

ಪಾಶ್ಚಾತ್ಯರು ಶ್ರುತಿಯಿಲ್ಲದ ಡ್ರಮ್ಮನ್ನು ಶ್ರುತಿಗಾಗಿಯೇ ಎಳೆದ ಗೆರೆಗಳ ಮೇಲೆ ಕೂರಿಸಿದರು. ಭಾರತದಲ್ಲಿ ನಡೆದದ್ದು ಇದಕ್ಕೆ ಸರಿಯಾಗಿ ಉಲ್ಟಾ. ಇಲ್ಲಿನ ಮೃದಂಗ, ತಬಲಾಗಳಿಗೆ ಸ್ಪಷ್ಟವಾದ ಶ್ರುತಿ ಇದೆ. ಅವುಗಳ ಲಿಪಿಯಲ್ಲಿ ಶ್ರುತಿಯ ಸುಳಿವೇ ಇಲ್ಲ!

ಮೃದಂಗದ ಬಲಭಾಗದ ನಡುವೆ ಕಪ್ಪಗೆ ಗುಂಡಾಗಿ ಕಾಣುವ ಕರಣೆ ಅಲಂಕಾರಕ್ಕೆ ಇಟ್ಟದ್ದಲ್ಲ. ಚರ್ಮದ ನಡುಭಾಗಕ್ಕೆ ಭಾರ ಸೇರಿಸಿ ಅಡ್ಡಾದಿಡ್ಡಿಯಾಗಿದ್ದ ಕಂಪನಗಳನ್ನು ಅದು ಸಾಲಿಗೆ ತರುತ್ತದೆ. ಇದನ್ನು ವಿಜ್ಞಾನಕ್ಕೆ ತೋರಿಸಿಕೊಟ್ಟವರು ಸರ್ ಸಿ.ವಿ. ರಾಮನ್. 1920ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಶಿವಕಾಳಿ ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಈ ಕುರಿತು ಪುಟ್ಟ ಲೇಖನ ಬರೆದರು. ಆಮೇಲೆ 1933ರಲ್ಲಿ ಬೆಂಗಳೂರಿಗೆ ಬಂದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆ ಅಕಾಡೆಮಿಯ ನಡಾವಳಿಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಬಗ್ಗೆ ಅವರ ವಿಸ್ತಾರವಾದ ಲೇಖನವಿದೆ. ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ಬಾರಿಸಿದಾಗ ಅದು ಎಲ್ಲಿ ಕೂಡಿಕೊಳ್ಳುತ್ತದೆ ಎಂದು ನೋಡಿ, ಅವರು ಕಂಪನದ ವಿನ್ಯಾಸಗಳನ್ನು ಗುರುತಿಸಿದರು. ಮೊದಲ ಒಂಬತ್ತು ಬಗೆಯ ಕಂಪನಗಳು ಗುಂಪುಗೂಡಿ ಕೇವಲ ಐದು ಆವೃತ್ತಿಗಳಾಗುತ್ತವೆ, ಆ ಐದೂ 1:2:3:4:5ರ ಅನುಪಾತದಲ್ಲಿರುತ್ತವೆ ಎಂಬುದು ಅವರು ಕಂಡ ಸತ್ಯ. ಎಂದರೆ ಕರಣೆ ಹಾಕಿದ ಚರ್ಮ ತಂತಿಯಂತೆ ನಡೆದುಕೊಳ್ಳುತ್ತದೆ. ಈ ಕೌಶಲ ಎಷ್ಟು ಹಳೆಯದೆಂದರೆ, ಭರತನ ನಾಟ್ಯಶಾಸ್ತ್ರದಲ್ಲೇ ಚರ್ಮವಾದ್ಯಗಳಿಗೆ ನದೀತೀರದ ಮಣ್ಣನ್ನು ಮೆತ್ತಿ ಶ್ರುತಿ ಮಾಡುವ ವಿವರ ಬರುತ್ತದೆ.

ಇಷ್ಟು ಕಷ್ಟಪಟ್ಟು ಪಡೆದ ಶ್ರುತಿಯನ್ನು ಬರೆಯುವುದಿಲ್ಲವೇಕೆ? ಕಾರಣ ಸರಳ. ಮೃದಂಗವನ್ನು ಗಾಯಕರ ಷಡ್ಜಕ್ಕೆ ಶ್ರುತಿ ಮಾಡಿದ ಮೇಲೆ ಕಛೇರಿ ಮುಗಿಯುವವರೆಗೆ ಅದು ಹಾಗೇ ಇರಬೇಕು. ಬದಲಾಗದಿರುವುದನ್ನು ಬರೆಯುವ ಅಗತ್ಯವಿಲ್ಲ. ಬದಲಾಗುವುದು ಬೆರಳು, ಅದು ಬೀಳುವ ಜಾಗ, ಬಿದ್ದ ಮೇಲೆ ಮೊಳಗಲು ಬಿಡುವುದು ಅಥವಾ ಒತ್ತಿ ಹಿಡಿಯುವುದು. ಇದೆಲ್ಲಕ್ಕೂ ಇಲ್ಲಿ ಕೊಟ್ಟ ಗುರುತು ಅಕ್ಷರ. ನಾಟ್ಯಶಾಸ್ತ್ರವೇ ವರ್ಣಮಾಲೆಯಿಂದ 16 ಅಕ್ಷರಗಳನ್ನು ಆರಿಸಿ ಚರ್ಮವಾದ್ಯಕ್ಕೆ ಕೊಟ್ಟಿದೆ. ಇಂದಿಗೂ ಮೃದಂಗದ ಮೊದಲ ಪಾಠ ‘ತ ದಿ ತೊಂ ನಂ’. ತೊಂ ಎಂದರೆ ಎಡಭಾಗದ ತೆರೆದ ಗುಂಗು. ನಂ ಎಂದರೆ ಬಲಭಾಗದ ಅಂಚಿನಲ್ಲಿ ಮೊಳಗುವ ನಾದ. ಯಕ್ಷಗಾನದ ಮದ್ದಳೆ, ಚೆಂಡೆಗಳಿಗೂ ಬಾಯಿತಾಳವಿದೆ.

ಬರೆಯುವ ಕ್ರಮವೂ ಸರಳ. ಒಂದು ಅಕ್ಷರಕ್ಕೆ ಒಂದು ಮಾತ್ರೆ. ಸುಮ್ಮನಿರಬೇಕಾದ ಮಾತ್ರೆಗೆ, ಎಂದರೆ ಕಾರ್ವೆಗೆ, ಅಲ್ಪವಿರಾಮ. ಎರಡು ಮಾತ್ರೆಗೆ ಅರ್ಧವಿರಾಮ. ವೇಗ ಎರಡರಷ್ಟಾದರೆ ಅಕ್ಷರಗಳ ಮೇಲೊಂದು ಗೆರೆ. ಉದಾಹರಣೆಗೆ ‘ತದಿಗಿಣತೊಂ’ ಎಂಬ ಐದು ಮಾತ್ರೆಯ ಸೊಲ್ಲನ್ನು 16 ಮಾತ್ರೆಗಳಲ್ಲಿ ಮೂರು ಬಾರಿ ಕೂರಿಸಬೇಕು. ಐದು ಮೂರಲ ಹದಿನೈದು. ಒಂದು ಮಾತ್ರೆ ಕಡಿಮೆ. ಆ ಒಂದನ್ನು ಮೊದಲಲ್ಲೇ ಬಿಟ್ಟು ಹೊರಟರೆ ಸರಿಹೋಗುತ್ತದೆ:

, ತ ದಿ ಗಿ | ಣ ತೊಂ ತ ದಿ | ಗಿ ಣ ತೊಂ ತ | ದಿ ಗಿ ಣ ತೊಂ ||

ಕೈಯಲ್ಲಿ ನಾಲ್ಕು ಮಾತ್ರೆಗೊಂದರಂತೆ ತಾಳ ಹಾಕುತ್ತ ಇದನ್ನು ಹೇಳಿ ನೋಡಬೇಕು. ಬಾಯಿ ಐದೈದಾಗಿ ಓಡುತ್ತಿರುತ್ತದೆ, ಕೈ ನಾಲ್ಕು ನಾಲ್ಕಾಗಿ ನಡೆಯುತ್ತಿರುತ್ತದೆ. ಎರಡೂ ಬೇರೆಯಾಗಿ ಹೋಗಿ ಕೊನೆಯ ತೊಂ ಆದ ಮೇಲೆ ಮುಂದಿನ ತಾಳದ ಮೊದಲ ಪೆಟ್ಟಿನಲ್ಲಿ ಕೂಡಿಕೊಳ್ಳುತ್ತವೆ. ಕಛೇರಿಯಲ್ಲಿ ಸಭಿಕರು ತಲೆದೂಗುವುದು ಇಂಥ ಲೆಕ್ಕಾಚಾರಕ್ಕೇ. ಗಣಿತಕ್ಕೆ ಹೆದರುವ ಮಕ್ಕಳಿಗೆ ಇದನ್ನು ತೋರಿಸಬೇಕು.

ತಬಲಾದಲ್ಲಿ ಅಕ್ಷರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಬಲಗೈಯ ತಬಲಾದಲ್ಲಿ ಬಾರಿಸುವುದು ‘ತಾ’. ಎಡಗೈಯ ಬಾಯಾದಲ್ಲಿ ಗುಂಗು ಬರುವಂತೆ ಬಾರಿಸುವುದು ‘ಗೆ’. ಎರಡನ್ನೂ ಒಟ್ಟಿಗೆ ಬಾರಿಸಿದರೆ ‘ಧಾ’. ಹಾಗೆಯೇ ತಿನ್ ಜೊತೆಗೆ ಗೆ ಸೇರಿದರೆ ‘ಧಿನ್’. ಗಂಟಲ ಮೇಲೆ ಬೆರಳಿಟ್ಟು ‘ತಾ’, ‘ಧಾ’ ಎಂದು ನೋಡಿದರೆ ಎರಡನೆಯದರಲ್ಲಿ ವ್ಯಂಜನ ಹುಟ್ಟುವಾಗಲೇ ಗಂಟಲು ಗುಂಯ್‌ಗುಡುವುದು ಬೆರಳಿಗೆ ತಿಳಿಯುತ್ತದೆ. ವ್ಯಾಕರಣದ ಪಾಠದಲ್ಲಿ ಬರುವ ಅಘೋಷ, ಘೋಷ ಎಂಬ ಭೇದವೇ ಇದು. ಮಹಾಪ್ರಾಣದ ಉಸಿರೂ ಅದಕ್ಕೆ ಸೇರಿದೆ. ಬಾಯಾದ ಗುಂಗು ಸೇರಿದ್ದನ್ನು ಬಾಯಿಯೂ ಗುಂಗು ಸೇರಿಸಿಯೇ ಹೇಳುತ್ತದೆ. 2003ರಲ್ಲಿ ಅನಿರುದ್ಧ ಪಟೇಲ್ ಮತ್ತು ಜಾನ್ ಐವರ್‌ಸನ್ ಎಂಬ ವಿಜ್ಞಾನಿಗಳು ತಬಲಾದ ಸದ್ದು, ಅದರ ಬೋಲ್ ಎರಡನ್ನೂ ಅಳೆದು ಹೋಲಿಸಿದರು. ತಬಲಾ ಗೊತ್ತಿಲ್ಲದ ಕೇಳುಗರೂ ಯಾವ ಸದ್ದಿಗೆ ಯಾವ ಬೋಲ್ ಎಂದು ಗಣನೀಯವಾಗಿ ಸರಿಯಾಗಿ ಜೋಡಿಸಿದರು.

ಈಗ 16 ಮಾತ್ರೆಯ ತೀನ್‌ತಾಲದ ಠೇಕಾ ನೋಡಿ:

ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ

10ನೇ ಮಾತ್ರೆಯಿಂದ 13ರವರೆಗೆ ಮಹಾಪ್ರಾಣ ಮಾಯವಾಗಿದೆ. ಎಂದರೆ ಅಲ್ಲಿ ಬಾಯಾ ಮೊಳಗುವುದಿಲ್ಲ. 14ರಲ್ಲಿ ಗುಂಗು ಮರಳಿದೊಡನೆ ಗಾಯಕರಿಗೆ ಸಮ್ ಹತ್ತಿರ ಬಂತೆಂಬ ಸೂಚನೆ ಸಿಗುತ್ತದೆ. ಕನ್ನಡದ ಕಾಗುಣಿತ ಬಲ್ಲ ಮಗು ಇದನ್ನು ಕಾಗದದ ಮೇಲೇ ಕಾಣಬಲ್ಲದು. ಧಾರವಾಡದ ಕಡೆಯ ಮಕ್ಕಳಿಗೆ ಇದು ಬಾಯಿಗೆ ಮೊದಲು, ಕಾಗದಕ್ಕೆ ಆಮೇಲೆ.

ಯುರೋಪೂ ಒಮ್ಮೆ ಬಾಯಲ್ಲಿ ಹೇಳುತ್ತಿತ್ತು

ಅಕ್ಷರ ಪೂರ್ವದವರದು, ಗೆರೆ ಪಶ್ಚಿಮದವರದು ಎಂದು ಗೆರೆ ಕೊಯ್ದಂತೆ ಹೇಳಲಾಗದು. ಫ್ರಾನ್ಸಿನ ಲಾಂಗ್ರ್ ಎಂಬ ಊರಿನಲ್ಲಿ 1589ರಲ್ಲಿ ಪ್ರಕಟವಾದ ‘ಆರ್ಕೆಸೊಗ್ರಫಿ’ ಎಂಬ ಹಳೆಯ ನೃತ್ಯಗ್ರಂಥವೊಂದಿದೆ. ಬರೆದವರು ತ್ವಾನೊ ಆರ್ಬೊ ಎಂಬ ಕಾವ್ಯನಾಮದ ಪಾದ್ರಿ. ಗುರು-ಶಿಷ್ಯರ ಸಂಭಾಷಣೆಯ ರೂಪದಲ್ಲಿರುವ ಈ ಪುಸ್ತಕದಲ್ಲಿ ಗುರು ಸೈನ್ಯದ ಡ್ರಮ್ಮನ್ನು ಶಿಷ್ಯನಿಗೆ ವಿವರಿಸುತ್ತಾನೆ. ಹೇಗೆ? ದೀರ್ಘವಾದ ಒಂದು ಪೆಟ್ಟಿಗೆ ‘ತಾಂ’, ಅದೇ ಕಾಲದಲ್ಲಿ ಎರಡು ಪೆಟ್ಟುಗಳಾದರೆ ‘ತೆರೆ’, ನಾಲ್ಕಾದರೆ ‘ಫ್ರೆ’! ಸ್ವರಲಿಪಿಯ ಚುಕ್ಕೆಗಳ ಜೊತೆಗೇ ಈ ಅಕ್ಷರಗಳನ್ನೂ ಅಚ್ಚು ಹಾಕಿದ್ದಾರೆ. ಫ್ರೆಂಚ್ ಸೈನಿಕರ ನಡಿಗೆಯ ತಾಳದಲ್ಲಿ ಐದು ಪೆಟ್ಟು, ಮೂರು ಮೌನ. ಮೃದಂಗ ಕಲಿತವರು ಇದನ್ನು ನೋಡಿದರೆ ಅಪರಿಚಿತವೆನಿಸದು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಡ್ರಮ್ ಬಾರಿಸುವ ಪರಂಪರೆ ಬಲವಾಗಿದೆ. ಅಲ್ಲಿ ಫ್ರಿಟ್ಸ್ ಬರ್ಗರ್ ಎಂಬವರು 1928ರ ತಮ್ಮ ಪುಸ್ತಕದಲ್ಲಿ ಮತ್ತೊಂದು ಜಾಣತನ ತೋರಿದರು. ಒಂದೇ ಗೆರೆ, ಗೆರೆಯ ಮೇಲಿನ ಚುಕ್ಕೆ ಬಲಗೈಗೆ, ಕೆಳಗಿನ ಚುಕ್ಕೆ ಎಡಗೈಗೆ. ಇಲ್ಲಿ ಲಂಬ ಅಕ್ಷ ಶ್ರುತಿಯನ್ನೂ ಹೇಳುವುದಿಲ್ಲ, ವಾದ್ಯದ ಹೆಸರನ್ನೂ ಹೇಳುವುದಿಲ್ಲ, ಕೈಯನ್ನು ಹೇಳುತ್ತದೆ.

ಹೀಗೆ ಪ್ರತಿಯೊಂದು ಲಿಪಿಯೂ ತನಗೆ ಬೇಕಾದ್ದನ್ನು ಹಿಡಿದು ಉಳಿದದ್ದನ್ನು ಬಿಡುತ್ತದೆ. ಬಿಟ್ಟದ್ದು ಕಡಿಮೆಯೇನಲ್ಲ. ಮೃದಂಗದ ಎಡಭಾಗವನ್ನು ಬಾರಿಸಿ ಅಂಗೈಯ ಬುಡದಿಂದ ಒತ್ತಿ ಜಾರಿಸಿದಾಗ ಬರುವ ಗುಂಕಿಯನ್ನು, ಆ ಮೇಲೇರುವ ನಾದವನ್ನು, ಯಾವ ಅಕ್ಷರ ಹಿಡಿದಿಡುತ್ತದೆ? ‘ತೊಂ’ ಎಂದು ಬರೆದರೆ ಅದು ಬರಿಯ ತೊಂ. ಒಂದೇ ಅಕ್ಷರಕ್ಕೆ ಒಬ್ಬ ಗುರು ಒಂದು ಬೆರಳು, ಇನ್ನೊಬ್ಬ ಗುರು ಮತ್ತೊಂದು ಬೆರಳು ಹೇಳುವುದೂ ಉಂಟು. ತಂಜಾವೂರು, ಪುದುಕ್ಕೋಟೆ ಬಾನಿಗಳ ಸೊಗಡು ನೋಟ್‌ಬುಕ್ಕಿನಲ್ಲಿ ಸಿಗುವುದಿಲ್ಲ. ತಾಳವಾದ್ಯದ ಪರೀಕ್ಷೆಗೆಂದು ಪಾಠಗಳನ್ನು ಅಂದವಾಗಿ ಬರೆದಿಟ್ಟುಕೊಂಡು, ಬಾಯಲ್ಲಿ ಒಂದು ಸಲವೂ ಹೇಳದ ಮಕ್ಕಳಿದ್ದಾರೆ. ಅವರ ನೋಟ್‌ಬುಕ್ಕಿನಲ್ಲಿರುವುದು ಅರ್ಧ ಮಾತ್ರ. ಅದರ ಸೂಚಿ ಗುರುವಿನ ಬಾಯಲ್ಲಿದೆ. ಡ್ರಮ್ ಸೆಟ್ಟಿನ ಪುಸ್ತಕಕ್ಕೆ ಸೂಚಿ ಮೊದಲ ಪುಟದಲ್ಲೇ ಇರುತ್ತದೆ. ಆದರೆ ಅದನ್ನು ಬಾಯಲ್ಲಿ ಹೇಳಿ ಕಲಿಯುವ ಸುಖವನ್ನು ಅದು ಕೊಡುವುದಿಲ್ಲ. ಯಾವುದು ಹೆಚ್ಚು ಎಂಬ ಜಗಳ ವ್ಯರ್ಥ. ಆದರೂ ಚಿಕ್ಕ ಮಕ್ಕಳಿಗೆ ಮೊದಲು ಬಾಯಿ, ಆಮೇಲೆ ಕಾಗದ ಎಂಬ ಹಳೆಯ ಕ್ರಮವೇ ಹಿತ.

ಕಂಪ್ಯೂಟರ್ ಬಂದ ಮೇಲೆ ಇದೇ ಪ್ರಶ್ನೆ ಹೊಸ ವೇಷದಲ್ಲಿ ಬಂದಿದೆ. ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಮಾತಾಡಿಕೊಳ್ಳಲು 1983ರಲ್ಲಿ ‘ಮಿಡಿ’ ಎಂಬ ಒಪ್ಪಂದ ಜಾರಿಗೆ ಬಂತು. ಅದರಲ್ಲಿ ಪ್ರತಿ ಸ್ವರಕ್ಕೂ ಒಂದು ಸಂಖ್ಯೆ. ಡ್ರಮ್ಮಿಗೆ ಸ್ವರವಿಲ್ಲವಲ್ಲ? 1991ರ ‘ಜನರಲ್ ಮಿಡಿ’ಯಲ್ಲಿ 10ನೇ ವಾಹಿನಿಯನ್ನು ತಾಳವಾದ್ಯಗಳಿಗೆ ಮೀಸಲಿಟ್ಟು, ಅಲ್ಲಿ ಸ್ವರದ ಸಂಖ್ಯೆಯನ್ನೇ ವಾದ್ಯದ ಹೆಸರಾಗಿ ಓದಬೇಕೆಂದು ಗೊತ್ತುಮಾಡಿದರು. 36 ಬೇಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್, 46 ತೆರೆದ ಹೈ-ಹ್ಯಾಟ್. ಮನೆಯಲ್ಲಿ ಕೀಬೋರ್ಡ್ ಇರುವವರು ಅದನ್ನು ಡ್ರಮ್ ವಿಧಾನಕ್ಕೆ ತಿರುಗಿಸಿ ಮನೆಗಳನ್ನು ಒತ್ತಿದರೆ ಪಿಯಾನೊ ಬದಲು ಈ ಸದ್ದುಗಳೇ ಬರುತ್ತವೆ. ಐದು ಗೆರೆಗಳ ಮೇಲೆ ಮಾಡಿದ ಉಪಾಯವನ್ನೇ ಇಲ್ಲಿ ಸಂಖ್ಯೆಗಳ ಮೇಲೆ ಮಾಡಿದ್ದಾರೆ.

ಆ ಪಟ್ಟಿಯಲ್ಲಿ 35ರಿಂದ 81ರವರೆಗೆ 47 ಸದ್ದುಗಳಿವೆ. ಕ್ಯೂಬಾದ ಬಾಂಗೊ, ಕಾಂಗಾಗಳಿವೆ. ಬ್ರೆಜಿಲ್ಲಿನ ಕುಯೀಕಾ ಇದೆ. ಅದೇ ಜನರಲ್ ಮಿಡಿಯ ಸ್ವರವಾದ್ಯಗಳ ಪಟ್ಟಿಯಲ್ಲಿ ಸಿತಾರಿಗೂ ಶಹನಾಯಿಗೂ ಜಾಗ ಸಿಕ್ಕಿದೆ. ತಬಲಾ, ಮೃದಂಗ ಮಾತ್ರ ಎಲ್ಲೂ ಇಲ್ಲ. ಸಿಕ್ಕಿದ್ದರೂ ಒಂದು ಸಂಖ್ಯೆಯಿಂದ ಕೆಲಸ ಆಗುತ್ತಿರಲಿಲ್ಲ. ತಾ, ತಿನ್, ಗೆ, ಕ, ಧಾ, ಧಿನ್ ಎಂದು ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಬಾಯಾದ ಮೇಲೆ ಅಂಗೈ ಜಾರಿಸುವುದಕ್ಕೆ ಸಂಖ್ಯೆಯೂ ಸಾಲದು. ತಬಲಾದ ಸದ್ದುಗಳನ್ನು ಕಂಪ್ಯೂಟರಿಗೆ ತುಂಬಿಸುವವರು ತಮತಮಗೆ ತೋಚಿದಂತೆ ಬೋಲ್‌ಗಳನ್ನು ಮನೆಗಳಿಗೆ ಹಂಚುತ್ತಾರೆ. ಒಬ್ಬರ ‘ಧಾ’ ಇನ್ನೊಬ್ಬರ ತಂತ್ರಾಂಶದಲ್ಲಿ ‘ತಿನ್’ ಆಗಿರಬಹುದು. ಕೊಂಡುತಂದವರು ಮೊದಲು ಹುಡುಕಬೇಕಾದ್ದು, ಯಾವ ಮನೆಗೆ ಯಾವ ಬೋಲ್ ಎಂದು ಹೇಳುವ ಪುಟವನ್ನೇ.